ಸಾಯದ ಹುಡಿ

ಸುತ್ತೋಲೆ ಕಾರವಾರದಿಂದ ಬಂದದ್ದು ಬುಧವಾರ,
ಬಸ್ಸಿನಲ್ಲಿ ಮೀನುಬುಟ್ಟಿಯ ಪಕ್ಕ ಕೂತು ಬಂದ ವಾಸನೆಯೊಂದಿಗೆ.
"ದಾಸ್ತಾನಿನಲ್ಲಿರುವ ಹಳೆಯ ಉಣುಗಿನ ಹುಡಿಯನ್ನು
ಹಂಚಿದ ಕಡೆಯಿಂದಲೂ ಮರಳಿ ಪಡೆದು
ಲೆಕ್ಕ ಸಮೇತ ವರದಿ ಮಾಡತಕ್ಕದ್ದು."
ಓದಿ ಸಹಿ ಹಾಕುವಲ್ಲಿಗೆ ಡಾಕ್ಟರ ಕೆಲಸ ಮುಗಿಯಿತು.
ನನ್ನದು ಶುರು.

ಇಪ್ಪತ್ತಾರು ವರ್ಷ ಹಿರೇಗುತ್ತಿಯ ಈ ದನದ ದವಾಖಾನೆಯಲ್ಲಿ
ಬರಿಗೈಲಿ ತೂಗಿ, ಹಳೇ ಪೇಪರಿನಲ್ಲಿ ಕಟ್ಟಿ, ನೂಲು ಸುತ್ತಿ
"ಬಾಲದ ಬುಡಕ್ಕೆ, ಕಿವಿಯ ಹಿಂದೆ, ತೊಡೆ ಸಂದಿಗೆ" ಎಂದು
ಮಂತ್ರದ ಹಾಗೆ ಹೇಳಿಕೊಟ್ಟವನು ನಾನೇ.
ಈಗ ಸೈಕಲ್ಲಿಗೆ ಗೋಣಿಚೀಲ ಸಿಕ್ಕಿಸಿಕೊಂಡು
ಕೊಟ್ಟದ್ದನ್ನು ವಾಪಸು ಕೇಳಲು ಹೊರಟಿದ್ದೇನೆ,
ಮುರಿದ ಮದುವೆಯ ಒಡವೆ ಕೇಳಲು ಹೋದವರ ಹಾಗೆ
ಅಂಗಳದಲ್ಲೇ ನಿಂತು.

ಬುದವಂತ ಪಟಗಾರ ಬೋರ್ನ್‌ವಿಟಾ ಡಬ್ಬಿ ತಂದಿಟ್ಟ.
ತಳದಲ್ಲಿ ಜಿರಲೆಯೊಂದು, ಕಾಲು ಮೇಲಾಗಿ,
ಎಷ್ಟು ವರ್ಷದ್ದೋ, ಮುರಿಯದೆ.
ಸಾಂತಾನ ಫರ್ನಾಂಡಿಸ್ ಪೊಟ್ಟಣ ಕೊಡುತ್ತ
"ಎತ್ತಿಗೆ ಹಾಕಿದ್ದೆ, ನಾಯಿಗೂ. ಒಮ್ಮೆ ಮಗಳ ತಲೆಗೂ,
ಹೇನು ಬಹಳ ಆಗಿತ್ತು" ಎಂದ.
ಏನಾಗ್ತದೆ ಎಂದು ಅವನು ಕೇಳಲಿಲ್ಲ.
ನಾನೂ ಹೇಳಲಿಲ್ಲ.
ಮಗಳು ಮಡಗಾಂವದಲ್ಲಿ ನರ್ಸು, ಆರಾಮಿದ್ದಾಳೆ ಎಂದ,
ಎರಡು ಸಲ.

ಗಜನಿಯ ಕಟ್ಟೆಯ ಮೇಲೆ ಸಣ್ಣಿ ಗೌಡಳ ಎಮ್ಮೆ.
ಉಪ್ಪುನೀರಿನಲ್ಲಿ ಕುತ್ತಿಗೆಮಟ ಮುಳುಗಿ ಬಂದರೂ
ಬಿಟ್ಟಿಲ್ಲ ಉಣುಗು. ಹರಳುಬೀಜದಷ್ಟು ದಪ್ಪ,
ಬೂದು ಹೊಟ್ಟೆ, ಒತ್ತಿದರೆ ಕಪ್ಪು ರಕ್ತ.

"ಎಂತಕ್ಕೆ ವಾಪಸ್ಸು, ತಮಾ?
ಉಣುಗು ಸಾಯುದಿಲ್ಲ ಅಂತಾಯ್ತಾ ಅದ್ರಿಂದ?"
ಸಾಯ್ತದೆ.
"ಮತ್ತೆ?"
ಹುಡಿ ಸಾಯೂದಿಲ್ಲ, ಅಕ್ಕಾ.
ತೊಗಲಿನಿಂದ ಕೊಬ್ಬಿಗೆ ಇಳೀತದೆ, ಕೊಬ್ಬಿನಿಂದ ಹಾಲಿಗೆ,
ಹಾಲು ಕುಡಿದವರ ಮೈಯಲ್ಲಿ ಹೋಗಿ ಕೂರ್ತದೆ.
ತೊಳೆದರೆ ಗಜನಿಗೆ, ಗಜನಿಯಿಂದ ಸಿಗಡಿಗೆ.
ಹೊಸ ಔಷಧ ಬರ್ತದೆ. ಅದೂ ವಿಷವೇ,
ಆದರೆ ತನ್ನ ಕೆಲಸ ಮುಗಿಸಿ ತಾನೂ ಸಾಯ್ತದೆ.

ಕೊರಳಿನ ಮಣಿಸರದ ರಾಶಿಯನ್ನು ಬೆನ್ನಿಗೆ ದಬ್ಬಿ
ಅವಳು ತುಸು ಹೊತ್ತು ಎಮ್ಮೆಯನ್ನೇ ನೋಡಿದಳು.
"ವಿಷಕ್ಕೂ ಒಂದು ಸಾವು ಬೇಕು ಅಂತಾಯ್ತಲ್ಲ ಹಂಗಾರೆ.
ಅಡ್ಡಿಲ್ಲ."

ಮಾಡಿನ ಸಂದಿಯಿಂದ ಗರಟೆ ಇಳಿಯಿತು,
ಬಾಯಿಗೆ ಬಟ್ಟೆ ಕಟ್ಟಿದ್ದು. ಚೀಲಕ್ಕೆ ಸುರಿದಳು.
ಸುರಿಯುವ ಮೊದಲು ಬೆನ್ನು ತಿರುಗಿಸಿ
ಒಂದು ಹಿಡಿ ತಂಬಾಕಿನ ಡಬ್ಬಿಗೆ ಹಾಕಿಕೊಂಡದ್ದು
ನನಗೆ ಕಂಡಿತು.
ಹೋದ ವೈಶಾಖದಲ್ಲಿ ಅವಳ ಕರು
ಒಸಡು ಬಿಳಿಚಿ, ನಿಲ್ಲಲಾಗದೆ, ರಕ್ತ ಬತ್ತಿ ಸತ್ತಿತ್ತು.
ಮೂರು ದಿನ ನಡೆದು ಬಂದಿದ್ದಳು ದವಾಖಾನೆಗೆ.
ಮೂರೂ ದಿನ ನಾನು ಹೇಳಿದ್ದು ಒಂದೇ:
ಮೇಲಿನಿಂದ ಬಂದಿಲ್ಲ.
ಹೊಸ ಔಷಧ ಬರ್ತದೆ ಎಂದೆನಲ್ಲ ಈಗ,
ಅದೂ ಮೇಲಿನಿಂದಲೇ ಬರಬೇಕು.

ರಿಜಿಸ್ಟರು ತೆಗೆದು ಎಮ್ಮೆಯ ಬೆನ್ನಿಗೇ ಆನಿಸಿ ಬರೆದೆ:
ಸಣ್ಣಿ ಕೋಂ ಹಮ್ಮು ಗೌಡ. ಉಳಿಕೆ: ಇಲ್ಲ.
ಹೆಬ್ಬೆಟ್ಟು ಒತ್ತುವಾಗ ಅವಳು ನನ್ನ ಮುಖ ನೋಡಲಿಲ್ಲ.
ಆಮೇಲೆ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು
ಸೀಮೆಎಣ್ಣೆಯ ತಟ್ಟೆ ಪಕ್ಕಕ್ಕಿಟ್ಟುಕೊಂಡು
ಒಂದೊಂದೇ ಕಿತ್ತು ಹಾಕತೊಡಗಿದಳು.
ಎಮ್ಮೆ ಕಣ್ಣು ಮುಚ್ಚಿತು.

ಹನ್ನೊಂದು ಕಿಲೋ ನಾನೂರು ಗ್ರಾಂ.
ವರದಿಗೆ ಉತ್ತರ ಬೇಗ ಬಂತು:
"ಮುಂದಿನ ಆದೇಶದವರೆಗೆ ಸುರಕ್ಷಿತವಾಗಿ ಇಡತಕ್ಕದ್ದು."
ಇಟ್ಟಿದ್ದೇನೆ. ಲಸಿಕೆಯ ಐಸ್‌ಪೆಟ್ಟಿಗೆಯ ಹಿಂದೆ, ಮೂಲೆಯಲ್ಲಿ,
ಬೀಗದ ಕೈ ನನ್ನ ಉಡಿದಾರದಲ್ಲಿ.
ನಿವೃತ್ತಿಗೆ ಇನ್ನು ಏಳು ತಿಂಗಳು.
ಆದೇಶಕ್ಕೆ ಎಷ್ಟೋ.

ರಾತ್ರಿ ಬಂಗಡೆಯ ಸಾರಿಗೆ ಅನ್ನ ಕಲಸಿದರೆ
ಬೆರಳಿನಿಂದ ಅದೇ ಮುಗ್ಗಲು ಎದ್ದು ಬಂತು.
ಮೂರು ಸಲ ಸೋಪು ಹಾಕಿದ್ದೆ.
ನೋಡು ಮಾರಾಯ್ತಿ ಎಂದು ಕೈ ಚಾಚಿದೆ.
ಹೆಂಡತಿ ಹತ್ತಿರ ಎಳೆದು ಮೂಸಿ, ಬಿಟ್ಟು,
"ಎಂತದೂ ಇಲ್ಲ" ಎಂದಳು.
"ನಿಮ್ಮದೇ ವಾಸನೆ."